ಬಿಡುವಿದ್ದರೆ ಸಾಲದು, ಎಚ್ಚರವೂ ಇರಬೇಕು
ರೆಕಾರ್ಡ್ ಮಾಡಿದ ಪಾಠಗಳನ್ನು ಯಾವಾಗ ಬೇಕಾದರೂ ನೋಡಬಹುದಾದ್ದರಿಂದ ಆನ್‌ಲೈನ್ ನರ್ಸಿಂಗ್ ಓದು ರಾತ್ರಿ ಪಾಳಿಯವರಿಗೆ ಹೇಳಿ ಮಾಡಿಸಿದಂತಿದೆ ಎಂಬ ಲೇಖನವೊಂದರ ಮಾತನ್ನು, ಎರಡು ವರ್ಷ ಹಾಗೆಯೇ ಓದಿದ ನಾನು ಒಪ್ಪಲಾರೆ. ಪಾಳಿ ಮುಗಿಸಿ ಬಂದ ಒಂದು ಬೆಳಿಗ್ಗೆ, ಔಷಧದ ಪ್ರಮಾಣ ಲೆಕ್ಕ ಹಾಕುವ ಪಾಠವನ್ನು ಮೂರು ಸಲ ನೋಡಿಯೂ, ಮೈಕ್ರೋಗ್ರಾಂ ಇರಬೇಕಾದಲ್ಲಿ ಮಿಲಿಗ್ರಾಂ ಬರೆದು ಉತ್ತರವನ್ನು ಸಾವಿರ ಪಟ್ಟು ಹೆಚ್ಚಿಸಿಬಿಟ್ಟಿದ್ದೆ. ಅದು ಅಭ್ಯಾಸದ ಹಾಳೆಯಾಗಿತ್ತು ಎಂಬುದೊಂದೇ ಸಮಾಧಾನ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ. 0.05ರಷ್ಟು ಮದ್ಯಸಾರ ಇರುವವರಷ್ಟೇ ಕುಗ್ಗಿರುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದ ಸಂಗತಿ. ವಾರ್ಡಿನಲ್ಲಿ ನಿಂತೇ ಕಲಿಯಬೇಕಾದ ಕ್ಲಿನಿಕಲ್ ತರಬೇತಿಯಂತೂ ಆನ್‌ಲೈನ್ ಆಗುವುದೇ ಇಲ್ಲ. ಬೆಳಗಿನ ಓದನ್ನು ಬಿಟ್ಟು, ನಿದ್ದೆ ಮುಗಿಸಿ, ಸಂಜೆ ಕೆಲಸಕ್ಕೆ ಹೊರಡುವ ಮುನ್ನ ಒಂದೂವರೆ ಗಂಟೆ ಕುಳಿತುಕೊಳ್ಳತೊಡಗಿದ ಮೇಲೆಯೇ ನನಗೆ ಪಾಠ ತಲೆಗೆ ಹತ್ತಿದ್ದು.