ಚರಂಡಿಯ ಪಂಚಾಂಗ

ಪುರಸಭೆಯ ಸಾಮಾನ್ಯ ಸಭೆಯ ನೋಟಿಸು ಏಳು ಪೂರ್ಣ ದಿನ ಮೊದಲೇ ಸದಸ್ಯರ ಕೈಸೇರಬೇಕು ಎನ್ನುತ್ತದೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ನೋಟಿಸಿನ ಬೆನ್ನಿಗೇ ಕಾರ್ಯಸೂಚಿ. ಹಿಂದಿನ ಸಭೆಯ ನಡಾವಳಿ ಓದಿ ದಾಖಲಿಸುವುದು, ತಿಂಗಳ ಜಮಾ-ಖರ್ಚು, ಅಂಗಡಿ ಕೋಣೆಗಳ ಹರಾಜು, ಬೀದಿದೀಪದ ಸಾಮಗ್ರಿ ಖರೀದಿ, ಆಗಲೇ ಆಗಿಹೋದ ಯಾವುದೋ ವೆಚ್ಚಕ್ಕೆ ಘಟನೋತ್ತರ ಮಂಜೂರಾತಿ, ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು’. ಲಕ್ಷಗಟ್ಟಲೆ ರೂಪಾಯಿಯ ಎಲ್‌ಇಡಿ ದೀಪದ ಖರೀದಿ ಎರಡು ಮಾತಿನಲ್ಲಿ ಮುಗಿಯುತ್ತದೆ. ದೀಪದೊಳಗೆ ವಿದ್ಯುತ್ ನಿಯಂತ್ರಿಸುವ ‘ಡ್ರೈವರ್’ ಎಂಬ ಭಾಗದ ಗುಣಮಟ್ಟ ಬಲ್ಲವರು ಸಭೆಯಲ್ಲಿ ಕಡಿಮೆ. ಆದರೆ ಏಪ್ರಿಲ್ ಅಥವಾ ಮೇ ತಿಂಗಳ ಸಭೆಯಲ್ಲಿ ‘ಮಳೆಗಾಲ ಪೂರ್ವಭಾವಿಯಾಗಿ ಚರಂಡಿಗಳ ಹೂಳೆತ್ತುವ ಬಗ್ಗೆ’ ಎಂಬ ಸಾಲು ಬಂತೋ, ಮೇಜಿನ ಮೇಲಿನ ಚಹಾ ಕೆನೆಗಟ್ಟುತ್ತದೆ. ಚರಂಡಿಯ ವಿಷಯದಲ್ಲಿ ತಜ್ಞರಲ್ಲದವರು ಯಾರೂ ಇಲ್ಲ. ಎಲ್ಲರ ಮನೆಯೆದುರೂ ಒಂದೊಂದಿದೆ.

ಅದರಲ್ಲೂ ಕುಂದಾಪುರದಂಥ ಊರಿನಲ್ಲಿ. 23 ವಾರ್ಡುಗಳ ಪುರಸಭೆ, ಮೂರು ಕಡೆ ನೀರು. ಪಂಚಗಂಗಾವಳಿ ಹೊಳೆ ಊರನ್ನು ಬಳಸಿಕೊಂಡು ಹೋಗಿ ಸಮುದ್ರ ಸೇರುತ್ತದೆ. ಇಷ್ಟು ನೀರಿನ ನಡುವೆ ಮಳೆನೀರು ಹೊರಹಾಕುವುದು ಏನು ಮಹಾ ಎಂದು ಘಟ್ಟದ ಮೇಲಿನವರು ಕೇಳಿಯಾರು. ಕಷ್ಟ ಇರುವುದೇ ಅಲ್ಲಿ. ನೀರು ಹರಿಯಲು ಇಳಿಜಾರು ಬೇಕು. ಹೊಳೆದಂಡೆಯ ಸಮತಟ್ಟು ಊರಿನಲ್ಲಿ ಐನೂರು ಅಡಿಗೆ ಒಂದಡಿ ಇಳಿಜಾರು ಸಿಕ್ಕಿದರೂ ಪುಣ್ಯ. ಸಾವಿರದೈನೂರು ಅಡಿ ಉದ್ದದ ಚರಂಡಿ ಆ ಲೆಕ್ಕದಲ್ಲಿ ಇಳಿಯುವುದು ಮೂರೇ ಅಡಿ. ಅದರ ತುದಿಯಲ್ಲಿ ಒಂದಡಿ ಹೂಳು ಕೂತಿತೆಂದರೆ ಇಳಿಜಾರಿನ ಮೂರನೇ ಒಂದು ಪಾಲು ಮಾಯ. ಉಳಿದ ಎರಡಡಿಯನ್ನು ಸಮುದ್ರ ನೋಡಿಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ಉಬ್ಬರ-ಇಳಿತದ ಅಂತರ ಒಂದರಿಂದ ಒಂದೂವರೆ ಮೀಟರಿನ ಆಸುಪಾಸು. ಅಮಾವಾಸ್ಯೆ, ಹುಣ್ಣಿಮೆಗೆ ಅದು ಹೆಚ್ಚು. ಉಬ್ಬರದ ಹೊತ್ತಿಗೆ ಹೊಳೆಯ ಮಟ್ಟ ಚರಂಡಿಯ ಬಾಯಿಗಿಂತ ಮೇಲೇರಿದರೆ ನೀರು ನಿಂತಲ್ಲೇ ನಿಲ್ಲುತ್ತದೆ, ಕೆಲವೊಮ್ಮೆ ಹಿಂದಕ್ಕೂ ಬರುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ, ಹಾಗಾಗಿ ದಿನಕ್ಕೆ ಐವತ್ತು ನಿಮಿಷ ಮುಂದೆ ಜಾರುತ್ತದೆ. ಒಂದೇ ಪ್ರಮಾಣದ ಮಳೆಗೆ ಸೋಮವಾರ ರಸ್ತೆ ಒಣಗಿಯೂ ಶುಕ್ರವಾರ ಮೊಣಕಾಲುದ್ದ ನೀರೂ ಆಗುವುದು ಇದರಿಂದ. ‘ಮೊನ್ನೆ ಇದಕ್ಕಿಂತ ಜೋರು ಮಳೆ ಬಂದರೂ ನಿಲ್ಲಲಿಲ್ಲ, ಇವತ್ತು ಯಾರೋ ಎಲ್ಲೋ ಕಟ್ಟಿದ್ದಾರೆ’ ಎಂದು ಆರೋಗ್ಯ ನಿರೀಕ್ಷಕರಿಗೆ ಫೋನು ಮಾಡುವವರು ಒಮ್ಮೆ ಮನೆಯ ಪಂಚಾಂಗ ತೆರೆದು ತಿಥಿ ನೋಡಬೇಕು.

ಮಳೆಯ ಲೆಕ್ಕವೂ ಸಣ್ಣದಲ್ಲ. ಒಂದು ಹೆಕ್ಟೇರ್ ಜಾಗದ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಹತ್ತು ಲಕ್ಷ ಲೀಟರ್ ನೀರು. ಜುಲೈಯಲ್ಲಿ ನಮ್ಮ ಕಡೆ ದಿನಕ್ಕೆ ನೂರು ಮಿಲಿಮೀಟರು ಸುರಿದರೆ ಯಾರೂ ಅದನ್ನು ಸುದ್ದಿ ಎನ್ನುವುದಿಲ್ಲ. ಹಿಂದೆ ಈ ನೀರನ್ನು ಬೈಲುಗದ್ದೆ ಹಿಡಿದಿಟ್ಟುಕೊಂಡು ಇಳಿತದ ಹೊತ್ತಿಗೆ ತೋಡಿಗೆ ಬಿಡುತ್ತಿತ್ತು. ಗದ್ದೆ ಭೂಪರಿವರ್ತನೆಯಾಗಿ, ಮಣ್ಣು ತುಂಬಿ, ನಿವೇಶನವಾದ ಮೇಲೆ ಆ ಕೆಲಸವೆಲ್ಲ ಎರಡಡಿ ಅಗಲದ ಚರಂಡಿಯ ತಲೆಗೆ ಬಂದಿದೆ.

ಆ ಎರಡಡಿಯೂ ಪೂರ್ತಿ ಸಿಗುವುದಿಲ್ಲ. ಪ್ರತಿ ಗೇಟಿನೆದುರು ಕಾರು ದಾಟಿಸಲು ಮನೆಯವರೇ ಒಂದು ಪೈಪು ಹಾಕಿಸಿ ಮೇಲೆ ಕಾಂಕ್ರೀಟು ಸುರಿಸಿರುತ್ತಾರೆ. ಎರಡಡಿ ಅಗಲ, ಎರಡಡಿ ಆಳದ ಚರಂಡಿಗೆ ಒಂದಡಿ ವ್ಯಾಸದ ಪೈಪು ಇಟ್ಟರೆ ನೀರಿಗೆ ಉಳಿಯುವ ದಾರಿ ಐದನೇ ಒಂದು ಪಾಲು. ಇಟ್ಟವರ ಮನೆಗೆ ಏನೂ ಆಗುವುದಿಲ್ಲ, ನೀರು ಕಟ್ಟುವುದು ಮೇಲಿನ ಮನೆಯವರ ಅಂಗಳದಲ್ಲಿ. ಇನ್ನೊಂದು, ಚರಂಡಿಯನ್ನು ಅಡ್ಡಹಾಯುವ ಕುಡಿಯುವ ನೀರಿನ ಪೈಪು. ಬೆರಳು ಗಾತ್ರದ ಒಂದು ಮನೆ ಸಂಪರ್ಕ ಸಾಕು: ಮೊದಲ ಮಳೆಗೆ ಅದಕ್ಕೊಂದು ತೆಂಗಿನ ಗರಿ ಸಿಕ್ಕಿಕೊಳ್ಳುತ್ತದೆ, ಗರಿಗೆ ಪ್ಲಾಸ್ಟಿಕ್ ಚೀಲ, ಚೀಲಕ್ಕೆ ಬೊಂಡದ ಸಿಪ್ಪೆ, ಸಿಪ್ಪೆಯ ಹಿಂದೆ ಮಣ್ಣು. ಚರಂಡಿ ಕಟ್ಟಿದ ಜಾಗವನ್ನು ಹುಡುಕಲು ಅನುಭವಿ ಪೌರಕಾರ್ಮಿಕರು ನೀರು ನಿಂತಲ್ಲಿ ನೋಡುವುದೇ ಇಲ್ಲ. ನೀರು ಇಲ್ಲದಾಗುವ ಜಾಗಕ್ಕೆ ನಡೆದು, ಅಲ್ಲಿಂದ ಮೇಲಕ್ಕೆ ಬರುತ್ತಾರೆ. ಮೊದಲು ಎದುರಾಗುವ ಗೇಟಿನ ಪೈಪೋ ಅಡ್ಡ ಪೈಪೋ ಅಪರಾಧಿ.

ಹಳೆಯ ಮುರಕಲ್ಲಿನ ಚರಂಡಿಗಳ ಗೋಡೆ ಅಲ್ಲಲ್ಲಿ ಕುಸಿದಿರುತ್ತದೆ, ಆದರೆ ಮೇಲೆ ತೆರೆದಿರುವುದರಿಂದ ಹಾರೆ ಹಾಕುವುದು ಸುಲಭ. ಹೊಸ ಕಾಂಕ್ರೀಟು ಚರಂಡಿ ನೋಡಲು ಚಂದ, ಮೇಲೆ ಸ್ಲ್ಯಾಬ್ ಮುಚ್ಚಿದರೆ ಕಾಲುದಾರಿಯೂ ಆಯಿತು. ಒಂದು ಮೀಟರ್ ಉದ್ದ, ಅರವತ್ತು ಸೆಂಟಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ದಪ್ಪದ ಒಂದು ಸ್ಲ್ಯಾಬ್ 150 ಕಿಲೋ ತೂಗುತ್ತದೆ. ನಾಲ್ಕು ಜನ, ಎರಡು ಸಲಾಕೆ. ನೂರು ಮೀಟರಿಗೆ ಅಂಥವು ಕನಿಷ್ಠ ನೂರು. ಎತ್ತುವಾಗ ಅಂಚು ಒಡೆಯುತ್ತದೆ, ವಾಪಸ್ಸು ಇಡುವಾಗ ಒಂದೆರಡು ತುಂಡಾಗುತ್ತವೆ, ತುಂಡಾದಲ್ಲಿ ರಾತ್ರಿ ಯಾರದೋ ಕಾಲು ಹೋಗುತ್ತದೆ. ಆದ್ದರಿಂದ ಹತ್ತಕ್ಕೊಂದು ಸ್ಲ್ಯಾಬಿಗೆ ಕಬ್ಬಿಣದ ಬಳೆ ಕೂರಿಸಿ, ಅಲ್ಲಲ್ಲಿ ಜಾಲರಿ ಇಡಬೇಕು ಎಂಬುದು ಎಲ್ಲ ಅಭಿಯಂತರರಿಗೂ ಗೊತ್ತಿರುವ ಸಂಗತಿ. ಅಂದಾಜುಪಟ್ಟಿಯಲ್ಲೂ ಇರುತ್ತದೆ. ಬಳೆ ಎಲ್ಲಿ ಹೋಯಿತು ಎಂದು ಗುಜರಿ ಅಂಗಡಿಯಲ್ಲಿ ಕೇಳಬೇಕು.

ಇಷ್ಟನ್ನೂ ಸುಧಾರಿಸಬಹುದು. ಸುಧಾರಿಸಲಾಗದ್ದು ಎರಡು ಪಂಚಾಂಗಗಳ ಜಗಳ. ಸರಕಾರದ ವರ್ಷ ಏಪ್ರಿಲ್ ಒಂದಕ್ಕೆ ಹುಟ್ಟುತ್ತದೆ. ನಮ್ಮ ಕಡೆಯ ವರ್ಷ ಹತ್ತನಾವಧಿಗೆ, ಅಂದರೆ ಮೇ 24ರ ಸುಮಾರಿಗೆ, ಒಂದು ಮಗ್ಗುಲು ಹೊರಳುತ್ತದೆ: ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಮನೆಯವರು ಸೌದೆ ಒಳಗೆ ಹಾಕುತ್ತಾರೆ, ಜೂನ್ ಒಂದರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಚರಂಡಿಯ ಕೆಲಸ ಏಪ್ರಿಲ್ ಒಂದು ಮತ್ತು ಹತ್ತನಾವಧಿಯ ನಡುವಿನ ಸುಮಾರು ಐವತ್ತನಾಲ್ಕು ದಿನಗಳಲ್ಲಿ ಮುಗಿಯಬೇಕು. ಹೊಸ ವರ್ಷದ ಅನುದಾನದ ಲೆಕ್ಕ ತೆರೆದು, ಕಿರಿಯ ಅಭಿಯಂತರರು ವಾರ್ಡುವಾರು ಅಳತೆ ಮಾಡಿ, ಅಂದಾಜುಪಟ್ಟಿಗೆ ತಾಂತ್ರಿಕ ಮಂಜೂರಾತಿ ಪಡೆದು, ಸಭೆಯ ಒಪ್ಪಿಗೆಯಾಗಿ, ಟೆಂಡರ್ ಕರೆದು, ತೆರೆದು, ದರ ಒಪ್ಪಿ, ಕರಾರು ಬರೆದು, ಕಾರ್ಯಾದೇಶ ಕೊಡುವ ಹೊತ್ತಿಗೆ ಹತ್ತನಾವಧಿ ಬಾಗಿಲಲ್ಲಿರುತ್ತದೆ. ಬೇಗ ಆಗಲಿ ಎಂದು ಕೆಲಸವನ್ನು ಸಣ್ಣಸಣ್ಣದಾಗಿ ಒಡೆದು ಕೊಟೇಶನ್ ಮೇಲೆ ಕೊಟ್ಟರೆ ‘ತುಂಡು ಗುತ್ತಿಗೆ’ ಎಂದು ಲೆಕ್ಕಪರಿಶೋಧಕರ ಆಕ್ಷೇಪಣೆ ಬರುತ್ತದೆ. ನಿಯಮದ ಪ್ರಕಾರ ಹೋದರೆ ಮಳೆಯ ಆಕ್ಷೇಪಣೆ.

ಚುನಾವಣೆಗೂ ಈ ದಿನಗಳೇ ಪ್ರೀತಿ. 2023ರ ವಿಧಾನಸಭಾ ಚುನಾವಣೆಯ ನೀತಿಸಂಹಿತೆ ಜಾರಿಯಾದದ್ದು ಮಾರ್ಚ್ 29ಕ್ಕೆ, ಮತದಾನ ಮೇ 10ಕ್ಕೆ. 2024ರ ಲೋಕಸಭೆಯದು ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ. ಮೊದಲೇ ಆರಂಭವಾದ ಕೆಲಸಕ್ಕೆ ಸಂಹಿತೆ ಅಡ್ಡಬರುವುದಿಲ್ಲ. ಹೊಸದಕ್ಕೆ ಅನುಮತಿ ಬೇಕು, ಅನುಮತಿ ಕೇಳುವ ಕಡತಕ್ಕೂ ತನ್ನದೇ ನಡಿಗೆ ಇದೆ. ಇನ್ನು ಸಭೆಯೇ ಇಲ್ಲದ ವರ್ಷಗಳೂ ಉಂಟು. ಕುಂದಾಪುರವೂ ಸೇರಿ ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ 2018ರ ಆಗಸ್ಟ್ 31ರಂದು ಮತದಾನವಾಯಿತು. ಅಧ್ಯಕ್ಷ-ಉಪಾಧ್ಯಕ್ಷ ಸ್ಥಾನದ ಮೀಸಲಾತಿ ನ್ಯಾಯಾಲಯದಲ್ಲಿ ಸಿಕ್ಕಿಕೊಂಡು, ಗೆದ್ದವರು ಅಧಿಕಾರಕ್ಕೆ ಕೂರಲು ಎರಡು ವರ್ಷ ಕಾದರು. ಮೊದಲ ಮೂವತ್ತು ತಿಂಗಳ ಅವಧಿ ಮುಗಿದ ಮೇಲೆ ಎರಡನೆಯ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ. ನಡುವಿನ ಕಾಲಕ್ಕೆ ಆಡಳಿತಾಧಿಕಾರಿ. ಕಡತ ಆಗ ಬೇಗ ಸಾಗುತ್ತದೆ ಎನ್ನುವವರಿದ್ದಾರೆ, ನಿಜವೂ ಇರಬಹುದು. ಆದರೆ ಯಾವ ಮೋರಿಯ ಕೆಳಗೆ ಯಾವ ಪೈಪು ಅಡ್ಡ ಇದೆ ಎಂದು ಆಡಳಿತಾಧಿಕಾರಿಗೆ ಗೊತ್ತಿರುವುದಿಲ್ಲ. ವಾರ್ಡಿನ ಸದಸ್ಯರಿಗೆ ಗೊತ್ತಿರುತ್ತದೆ, ಏಕೆಂದರೆ ಬೆಳಿಗ್ಗೆ ಹಾಲು ತರಲು ಹೊರಟಾಗಲೇ ‘ಹ್ವಾಯ್, ನಮ್ ಬದಿಗ್ ಯಾವಾಗ ಬತ್ರಿ?’ ಎಂದು ನಿಲ್ಲಿಸುವವರು ಅವರಿಗಿದ್ದಾರೆ.

ನನ್ನ ಅಭಿಪ್ರಾಯ ಕೇಳಿದರೆ ಅಂದಾಜುಪಟ್ಟಿ ಮಾಡಬೇಕಾದ್ದು ನವೆಂಬರಿನಲ್ಲಿ. ಹೂಳು ಆಗಷ್ಟೇ ಕೂತಿರುತ್ತದೆ, ನೀರು ಎಲ್ಲಿ ಉಕ್ಕಿತ್ತು ಎಂಬ ಕಲೆ ಕಾಂಪೌಂಡ್ ಗೋಡೆಯ ಮೇಲೆ ಇನ್ನೂ ಮಾಸಿರುವುದಿಲ್ಲ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಲು ಇಲಾಖೆಗಳು ಓಡಾಡುವ ಸಮಯವೂ ಅದೇ. ಮಾರ್ಚಿನೊಳಗೆ ಟೆಂಡರ್ ಮುಗಿಸಿ, ಏಪ್ರಿಲ್ ಎರಡಕ್ಕೆ ಹಾರೆ ಹಾಕಿಸಬಹುದು. ಆದರೆ ಒಣಗಿದ ಚರಂಡಿಯ ಬಗ್ಗೆ ನವೆಂಬರಿನ ಸಭೆಯಲ್ಲಿ ಬಾಯಿಬಿಟ್ಟವರಿಗೆ ಕೇಳುಗರು ಸಿಗಬೇಕಲ್ಲ.

ಹೂಳೆತ್ತುವುದರಲ್ಲೂ ಒಂದು ಸೂಕ್ಷ್ಮವಿದೆ. ಎರಡಡಿ ಅಗಲದ ಚರಂಡಿಯಲ್ಲಿ ಒಂದಡಿ ಹೂಳಿದ್ದರೆ ನೂರು ಮೀಟರಿಗೆ ಸುಮಾರು ಹದಿನೆಂಟು ಘನಮೀಟರ್. ಮೂರು ಘನಮೀಟರ್ ಹಿಡಿಯುವ ಟ್ರೈಲರಿನಲ್ಲಿ ಆರು ಲೋಡು. ಎತ್ತುವ ಮೊದಲು ಅಳೆಯಬೇಕು, ಎತ್ತಿದ ಮೇಲೂ ಅಳೆಯಬೇಕು, ಎರಡೂ ಅಳತೆ ಪುಸ್ತಕದಲ್ಲಿ ಇರಬೇಕು. ರಸ್ತೆಗೆ ಹಾಕಿದ ಡಾಂಬರನ್ನು ಆಮೇಲೆ ಕೊರೆದು ನೋಡಬಹುದು, ಹೋದ ಹೂಳನ್ನು ತಂದು ತೂಗಲಾಗದು. ಅದಕ್ಕೇ ಈಗ ತಾರೀಕು, ಅಕ್ಷಾಂಶ-ರೇಖಾಂಶ ಮುದ್ರಿತವಾಗುವ ಜಿಪಿಎಸ್ ಫೋಟೊ ಕೇಳುತ್ತಾರೆ. ಫೋಟೊಕ್ಕೆ ಆಳ ಕಾಣುವುದಿಲ್ಲ. ಪಕ್ಕದಲ್ಲಿ ಅಳತೆ ಕೋಲು ನಿಲ್ಲಿಸದಿದ್ದರೆ ಅದು ಬರೀ ಕೆಸರಿನ ಚಿತ್ರ.

ಎತ್ತಿದ ಕೆಸರು ನೀರಿಳಿದು ಒಣಗಲಿ ಎಂದು ಎರಡು ದಿನ ಚರಂಡಿಯ ದಂಡೆಯಲ್ಲೇ ರಾಶಿ ಹಾಕುತ್ತಾರೆ. ಹಸಿ ಕೆಸರು ತುಂಬಿದ ಟ್ರೈಲರು ರಸ್ತೆಯುದ್ದಕ್ಕೂ ಸೋರುತ್ತದೆ, ತೂಕವೂ ಹೆಚ್ಚು, ಹಾಗಾಗಿ ಒಣಗಿಸುವುದು ಸರಿಯೇ. ಎರಡು ದಿನ ನಾಲ್ಕಾಗುತ್ತದೆ, ವಾಹನ ಬೇರೆ ವಾರ್ಡಿಗೆ ಹೋಗಿರುತ್ತದೆ, ಐದನೇ ಸಂಜೆ ಗುಡುಗು. ಬೆಳಗಾಗುವಾಗ ರಾಶಿ ಇದ್ದ ಜಾಗ ಶುಭ್ರ, ಹೂಳು ಇದ್ದಲ್ಲೇ ಹಾಜರು. ಗುತ್ತಿಗೆದಾರರಿಗೆ ಕರಾರಿನಲ್ಲಿ ‘ಎತ್ತುವುದು’ ಮತ್ತು ‘ಸಾಗಿಸುವುದು’ ಎಂದು ಎರಡು ಬೇರೆ ಬಾಬತ್ತು ಇಟ್ಟರೆ ಈ ನಷ್ಟ ಖಾತ್ರಿ. ಸಾಗಿಸಿದ ಮೇಲೆಯೇ ಎರಡಕ್ಕೂ ಸೇರಿಸಿ ಹಣ ಎಂದು ಬರೆದರೆ ಟ್ರೈಲರು ಮರುದಿನವೇ ಬರುತ್ತದೆ.

ಕೆಲಸ ಮಾಡುವ ಕೈಗಳ ಲೆಕ್ಕವನ್ನೂ ಹೇಳಬೇಕು. ಏಳುನೂರು ಜನಕ್ಕೆ ಒಬ್ಬ ಪೌರಕಾರ್ಮಿಕ ಎಂಬುದು ರಾಜ್ಯದ ಮಾನದಂಡ. ಮೂವತ್ತು ಸಾವಿರದ ಊರಿಗೆ ನಲವತ್ತಮೂರು ಮಂದಿ. ಗುಡಿಸುವುದು, ಮನೆಮನೆ ಕಸ, ಮೀನು ಮಾರುಕಟ್ಟೆ ತೊಳೆಯುವುದು ಮುಗಿದ ಮೇಲೆ ಉಳಿದವರು ಚರಂಡಿಗೆ. ಮಳೆನೀರಿನ ಚರಂಡಿಗೆ ಶೌಚಗುಂಡಿಯ ನೀರನ್ನು ಕದ್ದು ಬಿಟ್ಟ ಮನೆಗಳಿದ್ದರೆ ಅಲ್ಲಿ ಕೈಹಾಕಿಸುವುದು ಅನ್ಯಾಯ, ಮಲಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಆಶಯಕ್ಕೂ ವಿರುದ್ಧ. ಗಂಬೂಟು ಕೊಟ್ಟರೆ ಸಾಲದು, ಆ ಸಂಪರ್ಕವನ್ನು ಮೊದಲು ಕಡಿಯಬೇಕು. ಸಭೆಯಲ್ಲಿ ಇದಕ್ಕೆ ಎಲ್ಲರೂ ತಲೆದೂಗುತ್ತಾರೆ, ಮನೆ ಯಾರದು ಎಂದು ಗೊತ್ತಾಗುವವರೆಗೆ.

ಹಣ ಎಲ್ಲಿಂದ? 2021–26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ ಅರವತ್ತು ಕುಡಿಯುವ ನೀರು, ನೈರ್ಮಲ್ಯಕ್ಕೆಂದೇ ಕಟ್ಟಿಟ್ಟದ್ದಾಗಿತ್ತು. ಹೊಸ ಚರಂಡಿ ಕಟ್ಟಲು ಯೋಜನೆಗಳು ಸಿಗುತ್ತವೆ, ಕಲ್ಲಿನ ಮೇಲೆ ಹೆಸರೂ ಕೆತ್ತಬಹುದು. ಇದ್ದದ್ದನ್ನು ಬಾಚಲು ಹೆಚ್ಚಾಗಿ ಪುರಸಭೆಯ ಸ್ವಂತ ನಿಧಿಯೇ ಗತಿ, ಅಂದರೆ ಆಸ್ತಿ ತೆರಿಗೆ, ನೀರಿನ ಶುಲ್ಕ, ಅಂಗಡಿ ಬಾಡಿಗೆ. ಏಪ್ರಿಲಿನಲ್ಲಿ ತೆರಿಗೆ ಕಟ್ಟಿದರೆ ಶೇ. 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ. 2 ದಂಡ. ತೆರಿಗೆಯ ಮೇಲೆ ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಇತ್ಯಾದಿ ಸೇರುತ್ತವೆ, ಆದರೆ ಅವು ಪುರಸಭೆ ಮೂಲಕ ಹಾದುಹೋಗುವ ಹಣ. ರಸೀದಿಯ ಮೊತ್ತ ನೋಡಿ ‘ಇಷ್ಟು ಕಟ್ಟಿದರೂ ಚರಂಡಿ ಹೀಗೆ’ ಎನ್ನುವಾಗ ಅಷ್ಟನ್ನು ಕಳೆಯಬೇಕು. ಬಜೆಟ್ ಮಾತ್ರ ಪ್ರತಿ ವರ್ಷವೂ ಮಿಗತೆಯದೇ. ಕೊರತೆ ಬಜೆಟ್ ಮಂಡಿಸಿದ ಸಣ್ಣ ಊರಿನ ಪುರಸಭೆ ಯಾವುದಾದರೂ ಇದ್ದರೆ ಅಲ್ಲಿನ ಲೆಕ್ಕಿಗರನ್ನು ಕರೆದು ಸನ್ಮಾನ ಮಾಡಬೇಕು.

ದೂರು ಕೊಡುವವರಿಗೆ ಒಂದೆರಡು ಮಾತು. ಮೊದಲು ಚರಂಡಿ ಯಾರದೆಂದು ತಿಳಿದುಕೊಳ್ಳಿ. ಹೆದ್ದಾರಿ 66ರ ಅಂಚಿನದು ಹೆದ್ದಾರಿ ಪ್ರಾಧಿಕಾರದ್ದು, ಜಿಲ್ಲಾ ಮುಖ್ಯರಸ್ತೆಯದು ಲೋಕೋಪಯೋಗಿ ಇಲಾಖೆಯದು, ಒಳರಸ್ತೆಗಳದ್ದು ಪುರಸಭೆಯದು. ನೀರಿಗೆ ಈ ವಿಂಗಡಣೆ ಗೊತ್ತಿಲ್ಲದ್ದರಿಂದ ಅದು ಹೆದ್ದಾರಿಯ ಚರಂಡಿಯಿಂದ ಹೊರಟು ವಾರ್ಡಿನ ಚರಂಡಿಯಲ್ಲಿ ಬಂದು ನಿಲ್ಲುತ್ತದೆ. ಎರಡೂ ಕಡೆ ಬರೆಯಿರಿ. ‘ನಮ್ಮ ಮನೆಯ ಹತ್ತಿರ’ ಎನ್ನಬೇಡಿ. ವಾರ್ಡ್ ಸಂಖ್ಯೆ, ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ, ನೀರು ಯಾವ ಕಡೆಯಿಂದ ಬಂದು ಎಲ್ಲಿ ನಿಲ್ಲುತ್ತದೆ, ಮಳೆ ನಿಂತ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಬರೆಯಿರಿ. ಕೊನೆಯದು ಮುಖ್ಯ. ಒಂದು ಗಂಟೆಯಲ್ಲಿ ಇಳಿದರೆ ಚರಂಡಿ ಸಣ್ಣದು, ಆರು ಗಂಟೆಯಲ್ಲಿ ಇಳಿದರೆ ಉಬ್ಬರದ ಕಾಟ, ಮರುದಿನಕ್ಕೂ ಇಳಿಯದಿದ್ದರೆ ಕಟ್ಟಿದೆ. ಮೂರಕ್ಕೂ ಮದ್ದು ಬೇರೆ: ಅಗಲ ಮಾಡಬೇಕು, ಬಾಯಿಗೆ ಹೊಳೆನೀರು ಒಳಬಾರದಂಥ ಏಕಮುಖ ಬಾಗಿಲು ಕೂರಿಸಬೇಕು, ಇಲ್ಲವೇ ಹಾರೆ ಹಾಕಿಸಬೇಕು. ‘ಜನಹಿತ’ ಆ್ಯಪಿನಲ್ಲಿ ಹಾಕಿದರೂ ಸರಿ, ಆದರೆ ಟಪಾಲು ವಿಭಾಗದಲ್ಲಿ ಕಾಗದ ಕೊಟ್ಟು ಆವಕ ಸಂಖ್ಯೆ ಬರೆಸಿಕೊಳ್ಳುವುದು ಇನ್ನೂ ಸರಿ, ಸಂಖ್ಯೆ ಇದ್ದ ಕಾಗದಕ್ಕೆ ಹಿಂಬರಹ ಕೊಡಲೇಬೇಕು. ಕೊಡುವುದಿದ್ದರೆ ಅಕ್ಟೋಬರಿನಲ್ಲಿ ಕೊಡಿ. ಜೂನಿನಲ್ಲಿ ಕೊಟ್ಟ ಅರ್ಜಿಗೆ ‘ಮಳೆ ಕಡಿಮೆಯಾದ ಕೂಡಲೇ ಕ್ರಮ ವಹಿಸಲಾಗುವುದು’ ಎಂಬ ಹಿಂಬರಹ ಬರುತ್ತದೆ, ಮತ್ತು ಅದು ಸುಳ್ಳೇನೂ ಅಲ್ಲ.