ಔಟ್‌ಕಾಸ್ಟ್‌ನ ‘ಆ ಇನ್ನೊಬ್ಬ’

ಔಟ್‌ಕಾಸ್ಟ್ ಅನ್ನೋ ಅಮೆರಿಕದ ರ‍್ಯಾಪ್ ಜೋಡಿ ಬಗ್ಗೆ ಮಾತು ಶುರುವಾದ್ರೆ ಐದೇ ನಿಮಿಷಕ್ಕೆ ಆಂಡ್ರೆ 3000 ಹೆಸರು ಬರುತ್ತೆ, ಮಾತು ಅಲ್ಲೇ ಠಿಕಾಣಿ ಹೂಡುತ್ತೆ. ಆಂಡ್ರೆ ಜೀನಿಯಸ್, ಆಂಡ್ರೆ ಕವಿ, ಆಂಡ್ರೆ ತೊಡೋ ಬಟ್ಟೆ, 2023ರಲ್ಲಿ ರ‍್ಯಾಪ್ ಬಿಟ್ಟು ಆಂಡ್ರೆ ಮಾಡಿದ ಕೊಳಲಿನ ಆಲ್ಬಮ್. ಬಿಗ್ ಬಾಯ್? "ಓ, ಜೊತೇಲಿ ಇದ್ನಲ್ಲ, ಆ ಇನ್ನೊಬ್ಬ."

ಆ ಇನ್ನೊಬ್ಬನ ನಿಜನಾಮ ಆಂಟ್ವಾನ್ ಪ್ಯಾಟನ್. ಹುಟ್ಟಿದ್ದು 1975ರಲ್ಲಿ ಜಾರ್ಜಿಯಾದ ಸವಾನಾದಲ್ಲಿ, ಹೆಸರು ಮಾಡಿದ್ದು ಅಟ್ಲಾಂಟಾದಲ್ಲಿ. 2010ರ ಜುಲೈನಲ್ಲಿ ಅವನ ‘ಸರ್ ಲೂಷಿಯಸ್ ಲೆಫ್ಟ್ ಫುಟ್: ದ ಸನ್ ಆಫ್ ಚಿಕೊ ಡಸ್ಟಿ’ ಬಂತು. ಚಿಕೊ ಡಸ್ಟಿ ಅನ್ನೋದು ಅವನ ಅಪ್ಪನ ಅಡ್ಡಹೆಸರು. ಈ ಆಲ್ಬಮ್‌ನಲ್ಲಿ ಆಂಡ್ರೆಯ ದನಿ ಇಲ್ಲ ಅಂತ ಅವತ್ತು ಅಭಿಮಾನಿಗಳೆಲ್ಲ ಗೋಳಾಡಿದ್ರು. ನನ್ನ ಪ್ರಕಾರ ಆಂಡ್ರೆ ಇಲ್ಲದೇ ಇದ್ದದ್ದೇ ಬಿಗ್ ಬಾಯ್‌ಗೆ ಒದಗಿ ಬಂದ ಅದೃಷ್ಟ.

ದನಿ ಇಲ್ಲದ್ದಕ್ಕೆ ಕಾರಣ ಜಗಳವೂ ಅಲ್ಲ, ಮನಸ್ತಾಪವೂ ಅಲ್ಲ, ಶುದ್ಧ ವ್ಯಾಪಾರ. ಔಟ್‌ಕಾಸ್ಟ್ ಇದ್ದದ್ದು ಜೈವ್ ರೆಕಾರ್ಡ್ಸ್ ಅನ್ನೋ ಸಂಗೀತ ಕಂಪನಿಯ ಕೈಯಲ್ಲಿ. ಬಿಗ್ ಬಾಯ್ ಆಲ್ಬಮ್ ಕೇಳಿಸಿದಾಗ, ಇದು ಕಲಾಕೃತಿ, ಇದನ್ನ ಇಟ್ಕೊಂಡು ನಾವೇನು ಮಾಡೋದು ಅನ್ನೋ ಧಾಟಿಯಲ್ಲಿ ಮಾತಾಡಿದ್ರಂತೆ. ರ‍್ಯಾಪರ್ ಲಿಲ್ ವೇಯ್ನ್‌ನ ‘ಲಾಲಿಪಾಪ್’ ಥರದ್ದೊಂದು ಹಿಟ್ ಮಾಡಿಕೊಂಡು ಬಾ ಅಂದ್ರಂತೆ. ಇದನ್ನ ಅವನೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ. ಕಲಾಕೃತಿ ಅನ್ನೋದು ಬೈಗುಳ ಆಗೋದು ಇಂಥ ಆಫೀಸುಗಳಲ್ಲಿ ಮಾತ್ರ. ಅವನು ಆಲ್ಬಮ್ ಎತ್ತಿಕೊಂಡು ಡೆಫ್ ಜಾಮ್ ಅನ್ನೋ ಬೇರೆ ಕಂಪನಿಗೆ ಹೋದ. ಜೈವ್‌ನವರು ಔಟ್‌ಕಾಸ್ಟ್ ಜೋಡಿ ಇನ್ನೊಂದು ಕಂಪನಿಯ ಆಲ್ಬಮ್‌ನಲ್ಲಿ ಒಟ್ಟಿಗೆ ಹಾಡೋ ಹಾಗಿಲ್ಲ ಅಂತ ತಡೆ ಹಾಕಿದ್ರು. ಹಾಗಾಗಿ ರ‍್ಯಾಪರ್ ರೇಕ್ವಾನ್ ಜೊತೆಗೆ ಇಬ್ಬರೂ ಹಾಡಿದ್ದ, ಗ್ರ್ಯಾಮಿಗೆ ನಾಮಿನೇಟ್ ಆಗಿದ್ದ ‘ರಾಯಲ್ ಫ್ಲಶ್’ ಕೂಡ ಹೊರಗುಳಿಯಿತು. ಆಂಡ್ರೆ ‘ಯು ಏಂಟ್ ನೋ ಡಿಜೆ’ಗೆ ಬೀಟ್, ಅಂದ್ರೆ ಮಾತಿನ ಹಿಂದೆ ಬರೋ ಸಂಗೀತ, ಮಾಡಿಕೊಟ್ಟ. ಬಾಯಿ ಮಾತ್ರ ಬಿಡಲಿಲ್ಲ.

ಅದೃಷ್ಟ ಅಂದೆ. ಯಾಕಂದ್ರೆ ಆಂಡ್ರೆ ಎರಡು ಹಾಡಲ್ಲಿ ಇದ್ದಿದ್ರೂ ಎಲ್ಲರೂ ಆ ಎರಡು ಹಾಡನ್ನೇ ಹೊಗಳ್ತಿದ್ರು. 2003ರ ಜೋಡಿ ಆಲ್ಬಮ್‌ನಲ್ಲಿ ಆಗಿದ್ದೂ ಅದೇ. ‘ಸ್ಪೀಕರ್‌ಬಾಕ್ಸ್’ ಭಾಗ ಬಿಗ್ ಬಾಯ್‌ದು, ‘ದ ಲವ್ ಬಿಲೋ’ ಆಂಡ್ರೆಯದು. ಆಂಡ್ರೆಯ ‘ಹೇ ಯಾ’ ಅಮೆರಿಕದ ಚಾರ್ಟ್‌ನಲ್ಲಿ ವಾರಗಟ್ಟಲೆ ಮೊದಲ ಸ್ಥಾನದಲ್ಲಿ ಕೂತಿತ್ತು. 2004ರಲ್ಲಿ ಅದನ್ನ ಎಬ್ಬಿಸಿ ಆ ಜಾಗದಲ್ಲಿ ಕೂತದ್ದು ಬಿಗ್ ಬಾಯ್‌ನ ‘ದ ವೇ ಯು ಮೂವ್’. ಯಾರಿಗೆ ನೆನಪಿದೆ? ಮದುವೆ ರಿಸೆಪ್ಷನ್‌ನಲ್ಲಿ ಡಿಜೆ ಹಾಕೋದು ‘ಹೇ ಯಾ’ನೇ.

ಈಗ ಈ ಆಲ್ಬಮ್‌ನ ಜೀವಾಳವಾದ ಫಂಕ್ ವಿಷಯಕ್ಕೆ ಬರ್ತೀನಿ, ಅಂದ್ರೆ ಅಮೆರಿಕದ ಕಪ್ಪು ಸಂಗೀತಗಾರರು ಕಟ್ಟಿದ ಕುಣಿಸೋ ಸಂಗೀತ. ಫಂಕ್‌ನ ಗುಟ್ಟೆಲ್ಲ ತಾಳದ ಮೊದಲ ಏಟಿನಲ್ಲಿದೆ. ಫಂಕ್‌ಗೆ ಅಡಿಪಾಯ ಹಾಕಿದ ಗಾಯಕ ಜೇಮ್ಸ್ ಬ್ರೌನ್ ತನ್ನ ಬ್ಯಾಂಡಿಗೆ ಹೇಳಿಕೊಟ್ಟ ಮುಖ್ಯ ಪಾಠ ಅದು: ಉಳಿದ ಕಡೆ ಏನಾದರೂ ಮಾಡ್ಕೊಳ್ಳಿ, ‘ಒಂದು’ ಬಂದಾಗ ಎಲ್ಲರೂ ಅಲ್ಲಿರಬೇಕು. ಆ ಬ್ಯಾಂಡಿನಲ್ಲಿ ಬೇಸ್ ನುಡಿಸ್ತಿದ್ದ ಬೂಟ್ಸಿ ಕಾಲಿನ್ಸ್ ಅದನ್ನ ಜಾರ್ಜ್ ಕ್ಲಿಂಟನ್‌ನ ಪಾರ್ಲಮೆಂಟ್-ಫಂಕಡೆಲಿಕ್ ಬಳಗಕ್ಕೆ ಒಯ್ದ. ಕಚೇರಿ ಕೇಳೋರಿಗೆ ಇದನ್ನ ವಿವರಿಸೋದೇ ಬೇಡ. ತನಿಯಲ್ಲಿ ಮೃದಂಗದವರು ಎಲ್ಲೆಲ್ಲೋ ಸುತ್ತಾಡಿ ಕರೆಕ್ಟಾಗಿ ಸಮಕ್ಕೆ ಬಂದು ಬಿದ್ದಾಗ ತಲೆ ತಾನಾಗೇ ಆಡುತ್ತಲ್ಲ, ಅದೇ.

ಬಿಗ್ ಬಾಯ್ ರ‍್ಯಾಪ್ ಮಾಡೋದೂ ಹೀಗೇ. ಅವನ ಸಾಲುಗಳು ಬೀಟಿನ ಮೇಲೆ ಕೂರಲ್ಲ, ಬೀಟಿನ ಸಂದಿಗಳಲ್ಲಿ ನುಗ್ಗುತ್ತವೆ. ದುಪ್ಪಟ್ಟು ವೇಗದಲ್ಲಿ ಓಡ್ತಾನೆ, ಅರ್ಧಕ್ಕೆ ತಡೀತಾನೆ, ಒಂದು ಏಟು ಖಾಲಿ ಬಿಡ್ತಾನೆ, ಆಮೇಲೆ ಪ್ರಾಸವನ್ನ ನಾವು ಕಾಯ್ತಿರೋದಕ್ಕಿಂತ ಒಂದು ಚೂರು ಮೊದಲೇ ತಂದು ಇಡ್ತಾನೆ. ಅರ್ಥ ಪೂರ್ತಿ ತಿಳೀದೆ ಕೇಳಿದ್ರೂ ಇದು ಗೊತ್ತಾಗುತ್ತೆ. ಆಂಡ್ರೆಯ ಸಾಲನ್ನ ಬರೆದಿಟ್ಟು ಓದಬಹುದು, ಹಂಚಿಕೊಳ್ಳಬಹುದು. ಬಿಗ್ ಬಾಯ್‌ನ ಸಾಲನ್ನ ಕಾಗದದ ಮೇಲೆ ಇಟ್ರೆ ಅರ್ಧ ಸತ್ತುಹೋಗುತ್ತೆ. ಅವನಿಗೆ ಕವಿ ಅನ್ನೋ ಬಿರುದು ಸಿಗದೇ ಇರೋದಕ್ಕೆ ಇದೇ ಕಾರಣ ಅಂತ ನನ್ನ ಅನುಮಾನ. ನಾವು ಬುದ್ಧಿ ಅಂದ್ರೆ ಪದದಲ್ಲಿ ಮಾತ್ರ ಇರುತ್ತೆ ಅಂದ್ಕೊಂಡಿದ್ದೀವಿ.

ಹಾಡುಗಳಿಗೆ ಬನ್ನಿ. ‘ಶಟರ್‌ಬಗ್’ ಬೀಟ್ ನಿರ್ಮಾಪಕ ಸ್ಕಾಟ್ ಸ್ಟಾರ್ಚ್ ಜೊತೆ ಸೇರಿ ಮಾಡಿದ್ದು. ಅದರಲ್ಲಿ ಗಂಟಲಿನಿಂದಲೇ ಬೇಸ್ ನುಡಿಸಿದ ಹಾಗೆ ಒಂದು ಯಂತ್ರದ ದನಿ ಗುನುಗುತ್ತೆ. ಕೀಬೋರ್ಡಿನ ಸದ್ದನ್ನ ಕೊಳವೆಯಲ್ಲಿ ಬಾಯಿಗೆ ಬಿಟ್ಟುಕೊಂಡು ಮಾತಾಡಿಸೋ ಟಾಕ್ ಬಾಕ್ಸ್‌ನ ಕುಲದ್ದು. ಎಂಬತ್ತರ ದಶಕದಲ್ಲಿ ಜ್ಯಾಪ್ ಬ್ಯಾಂಡಿನ ರೋಜರ್ ಟ್ರೌಟ್‌ಮನ್ ಅದನ್ನ ತನ್ನ ಗುರುತೇ ಮಾಡ್ಕೊಂಡಿದ್ದ. ‘ಜನರಲ್ ಪ್ಯಾಟನ್’ನಲ್ಲಿ ವೆರ್ಡಿಯ ‘ಐಡಾ’ ಆಪೆರಾದ ಕೋರಸ್ಸನ್ನೇ ಎತ್ತಿ ತಂದು ಕೆಳಗೆ ಅಟ್ಲಾಂಟಾದ ಬೇಸ್ ಗುದ್ದಿಸಿದ್ದಾನೆ. ಸೇನಾಪತಿ ಪ್ಯಾಟನ್ ಬಂದ, ಎಲ್ಲ ಎದ್ದು ನಿಲ್ಲಿ ಅನ್ನೋ ಕೊಬ್ಬು. ‘ಶೈನ್ ಬ್ಲಾಕಾಸ್’ನಲ್ಲಿ ಫಿಲಡೆಲ್ಫಿಯಾದ ಹೆರಾಲ್ಡ್ ಮೆಲ್ವಿನ್ ಬಳಗದ 1972ರ ಅಳುವ ಹಾಡಿನ ತುಣುಕು, ಅದರ ಮೇಲೆ ಟ್ರ್ಯಾಪ್ ಅನ್ನೋ ಒರಟು ರ‍್ಯಾಪ್ ಶೈಲಿಯ ಗೂಚಿ ಮೇನ್. ಕಾಗದದ ಮೇಲೆ ಹೊಂದಲ್ಲ. ಕೇಳಿದ್ರೆ ಇಡೀ ಆಲ್ಬಮ್‌ನ ಅತ್ಯುತ್ತಮ ಹಾಡು.

ಆದರೆ ನನಗೆ ತುಂಬ ಇಷ್ಟವಾಗೋದು ಇದರ ವಂಶಾವಳಿ. ‘ಫೋ ಯೋ ಸಾರೋಸ್’ನಲ್ಲಿ ಸಾಕ್ಷಾತ್ ಜಾರ್ಜ್ ಕ್ಲಿಂಟನ್ ಬಂದು ಹಾಡ್ತಾನೆ. 1998ರಲ್ಲೇ ಔಟ್‌ಕಾಸ್ಟ್‌ನ ‘ಸಿಂಥಸೈಜರ್’ಗೆ ಬಂದು ಹೋಗಿದ್ದ ಮನುಷ್ಯ ಅವನು, ಹೊಸ ಪರಿಚಯ ಅಲ್ಲ. ‘ಟರ್ನ್ಸ್ ಮಿ ಆನ್’ನಲ್ಲಿ ನುಣ್ಣಗೆ ಹಾಡೋ ಸ್ಲೀಪಿ ಬ್ರೌನ್ ಯಾರು? ಔಟ್‌ಕಾಸ್ಟನ್ನ ಬೆಳೆಸಿದ ಆರ್ಗನೈಜ್ಡ್ ನಾಯ್ಜ್ ಅನ್ನೋ ನಿರ್ಮಾಪಕರ ತಂಡದ ಮೂವರಲ್ಲಿ ಒಬ್ಬ. ಅವನಪ್ಪ ಜಿಮ್ಮಿ ಬ್ರೌನ್, 1976ರಲ್ಲಿ ‘ಡ್ಯಾಜ್’ ಹಾಡಿನಿಂದ ಹೆಸರಾದ ಅಟ್ಲಾಂಟಾದ ಫಂಕ್ ಬ್ಯಾಂಡ್ ‘ಬ್ರಿಕ್’ನವನು. ಆ ಮೂವರಲ್ಲಿ ಇನ್ನೊಬ್ಬ ರಿಕೊ ವೇಡ್, 2024ರಲ್ಲಿ ತೀರಿಕೊಂಡ. ಅವನ ತಾಯಿ ಮನೆಯ ನೆಲಮಾಳಿಗೆಯಲ್ಲೇ ಈ ಹುಡುಗರೆಲ್ಲ ರ‍್ಯಾಪ್ ಕಲಿತದ್ದು. ಬೇರೆ ಊರಿನ ಎಷ್ಟೋ ರ‍್ಯಾಪರ್‌ಗಳಿಗೆ ಫಂಕ್ ಸಿಕ್ಕಿದ್ದು ಹಳೇ ರೆಕಾರ್ಡುಗಳಿಂದ. ಇವರಿಗೆ ಅದು ಮನೆಯಲ್ಲೇ ಇತ್ತು. ಅದಕ್ಕೇ ಈ ಆಲ್ಬಮ್‌ನ ಫಂಕ್ ಎಲ್ಲೂ ಹಳೇ ಕಾಲದ ವೇಷ ಹಾಕಿದ ಹಾಗೆ ಕಾಣಲ್ಲ.

ಕೊರತೆ ಇಲ್ವಾ ಅಂದ್ರೆ ಇದೆ. ಕೆಲವು ಹಾಡಿನ ಕೊನೆಗೆ ಅಂಟಿಸಿರೋ ಪೋಲಿ ಸ್ಕಿಟ್‌ಗಳು ಮೊದಲ ಸಲಕ್ಕೇ ಬೇಜಾರು. ಜೇಮಿ ಫಾಕ್ಸ್ ಇರೋ ‘ಹಸಲ್ ಬ್ಲಡ್’ ರೇಡಿಯೋಗೆ ಅಂತ ಮಾಡಿದ ಸಾಧಾರಣ ಹಾಡು. ಹೆಂಗಸರ ಬಗ್ಗೆ ಬರೋ ಕೆಲವು ಸಾಲುಗಳನ್ನ ಸಮರ್ಥಿಸೋಕೆ ನಾನು ಹೋಗಲ್ಲ. ಜೊತೆಗೆ ಅತಿಥಿಗಳ ಜಾತ್ರೆ. ಆದ್ರೆ ಆ ಜಾತ್ರೆಯಲ್ಲೇ ‘ಬಿ ಸ್ಟಿಲ್’ ಹಾಡೋ ಜನೆಲ್ ಮೊನೇ ಇದ್ದಾಳೆ, ಆಗಿನ್ನೂ ಹೊಸಬಳು. ಅದಕ್ಕಾಗಿ ಬಾಕಿದ್ದನ್ನೆಲ್ಲ ಮಾಫಿ ಮಾಡಿದ್ದೀನಿ.

ಮೊದಲ ವಾರ 62,000 ಪ್ರತಿ ಹೋಯ್ತು, ಬಿಲ್‌ಬೋರ್ಡ್‌ನಲ್ಲಿ ಮೂರನೇ ಸ್ಥಾನ. ವಿಮರ್ಶಕರು ಕೊಂಡಾಡಿದ್ರು. ಔಟ್‌ಕಾಸ್ಟ್ ಲೆಕ್ಕದಲ್ಲಿ ನೋಡಿದ್ರೆ ಚಿಲ್ಲರೆ ಮಾರಾಟ. ಜೈವ್‌ನವರು ‘ನಾವು ಹೇಳಿರಲಿಲ್ವಾ’ ಅಂದಿರಬಹುದು. ಅಂದ್ಕೊಳ್ಳಲಿ. 2025ರಲ್ಲಿ ಔಟ್‌ಕಾಸ್ಟ್ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿದ್ದೇ ತಡ, ನನ್ನ ಟೈಮ್‌ಲೈನ್ ತುಂಬ ಮತ್ತೆ ಆಂಡ್ರೆ, ಆಂಡ್ರೆ.

ಕೇಳೋದಾದ್ರೆ ‘ಶೈನ್ ಬ್ಲಾಕಾಸ್’ನಿಂದ ಶುರು ಮಾಡಿ, ಆಮೇಲೆ ಮೊದಲಿಂದ ಹಾಕಿ. ಕಾರಿನಲ್ಲಾದರೆ ಒಳ್ಳೇದು, ಇಲ್ಲಾಂದ್ರೆ ಒಳ್ಳೇ ಹೆಡ್‌ಫೋನ್. ಫೋನ್ ಸ್ಪೀಕರ್‌ನಲ್ಲಿ ಕೇಳಿ ‘ಅಂಥದ್ದೇನಿದೆ ಇದರಲ್ಲಿ’ ಅಂತ ಕಮೆಂಟ್ ಹಾಕೋರಿಗೆ ಉತ್ತರ ಕೊಡಲ್ಲ, ಮೊದಲೇ ಹೇಳಿದ್ದೀನಿ.