ಧಾರಾವಾಹಿಯಲ್ಲಿ ಸತ್ತವರಿಗೆ ತಿಥಿ ಇಲ್ಲ

ಧಾರಾವಾಹಿಯಲ್ಲಿ ಯಾರಾದರೂ ಸತ್ತರೆ ಮೊದಲು ಆಗುವ ಕೆಲಸ ಫೋಟೋಗೆ ಕಟ್ಟು ಹಾಕಿಸುವುದು. ನಿನ್ನೆ ರಾತ್ರಿ ಅಪಘಾತ. ಇವತ್ತು ನಡುಮನೆ ಗೋಡೆ ಮೇಲೆ ಆಳೆತ್ತರದ ಫೋಟೋ, ಅದಕ್ಕೊಂದು ಗಂಧದ ಹಾರ. ಮಂಡ್ಯದ ಯಾವ ಸ್ಟುಡಿಯೋದವರೂ ಇಷ್ಟು ಬೇಗ ಕೊಡಲಾರರು. ಫೋಟೋದಲ್ಲಿ ಸತ್ತವನು ಬಟ್ಟೆ ಅಂಗಡಿ ಜಾಹೀರಾತಿಗೆ ನಿಂತವನ ಹಾಗೆ ನಗುತ್ತಿರುತ್ತಾನೆ. ಎರಡು ಕಂತು ಅಳು. ಮೂರನೇ ಕಂತಿಗೆ ಆಸ್ತಿ ಪತ್ರ ಹೊರಗೆ ಬರುತ್ತದೆ.

ನಮ್ಮ ದೊಡ್ಡಮ್ಮನಿಗೆ ಇದು ಸರಿಬರುವುದಿಲ್ಲ. ಅವರ ಲೆಕ್ಕದಲ್ಲಿ ಸತ್ತವನು ಹೊರಗಿನವನಲ್ಲ. ನಾವೆಲ್ಲ ಹಬ್ಬಕ್ಕೋ ಮದುವೆಗೋ ಮುಖ ತೋರಿಸುವವರು. ಅವನು ಸೋಮವಾರದಿಂದ ಶುಕ್ರವಾರದವರೆಗೆ, ಮುದ್ದೆ ತಟ್ಟೆಗೆ ಬೀಳುವ ಹೊತ್ತಿಗೆ ಸರಿಯಾಗಿ ಬರುತ್ತಿದ್ದವನು. ಅಂಥವನು ಹೋದ ಮೇಲೆ ಹಾಲು-ತುಪ್ಪ ಆಗಬೇಕು, ಹನ್ನೊಂದಕ್ಕೆ ತಿಥಿ ಆಗಬೇಕು, ನೆಂಟರು ಬಂದು ಉಂಡು ಹೋಗಬೇಕು. “ಹಾಲು-ತುಪ್ಪನೂ ಬುಡ್ಲಿಲ್ಲ, ಆಗ್ಲೇ ರೇಸ್ಮೆ ಸೀರೆ ಉಟ್ಕಂಡು ಓಡಾಡ್ತಾವ್ಳೆ” ಎಂದು ನಾಯಕಿಯ ಮೇಲೆ ಸಿಟ್ಟಾಗುತ್ತಾರೆ. ಅಸ್ಥಿ ಬಿಡುವುದಕ್ಕೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದರು ಅಂತ ಒಂದು ಮಾತು ಆಡಿಸಿದ್ದರೂ ಸಾಕಿತ್ತಂತೆ. ಪಾಪ, ಅಷ್ಟು ದೂರ ಬಂದು ಶೂಟಿಂಗ್ ಮಾಡೋಕೆ ಬಜೆಟ್ ಇರಲ್ಲ ದೊಡ್ಡಮ್ಮ ಅಂದೆ. “ಹನಿಮೂನ್‌ಗೆ ಮನಾಲಿಗೆ ಹೋಗಕ್ಕೆ ಇತ್ತಲ್ಲ ಮಗ” ಅಂದರು.

ಯಾಕೆ ಸತ್ತ ಅನ್ನುವುದು ಮಾತ್ರ ಬೀದಿಗೆಲ್ಲ ಗೊತ್ತು. ಕಥೆಯಲ್ಲಿ ಲಾರಿ ಗುದ್ದಿರಬಹುದು. ನಿಜವಾದ ಕಾರಣ ಅವನಿಗೆ ಸಿನಿಮಾ ಚಾನ್ಸ್ ಸಿಕ್ಕಿದ್ದು, ಇಲ್ಲವೇ ಸಂಭಾವನೆ ಮಾತುಕತೆ ಮುರಿದದ್ದು, ಇಲ್ಲವೇ ಟಿಆರ್‌ಪಿ ಬಿದ್ದದ್ದು. ಅಷ್ಟಕ್ಕೂ ಜನಕ್ಕೆ ಬೇಡವಾದ ಪಾತ್ರವನ್ನು ಯಾರೂ ಕೊಲ್ಲುವುದಿಲ್ಲ. ಅಮೆರಿಕಕ್ಕೆ ಕಳಿಸುತ್ತಾರೆ. ಸ್ವಲ್ಪ ಬೇಕಾದವರಿಗೆ ಕೋಮಾ. ಸಾವು ತುಂಬ ಬೇಕಾದವರಿಗೆ ಮಾತ್ರ.

ಜನ ಒಪ್ಪದಿದ್ದರೆ ಆ ಸಾವೂ ವಾಪಸ್. 2000ದಲ್ಲಿ ಶುರುವಾದ ಹಿಂದಿಯ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ಯಲ್ಲಿ ಮರುವರ್ಷ ನಾಯಕ ಮಿಹಿರ್ ಸತ್ತಾಗ ದೇಶದ ತುಂಬ ಗಲಾಟೆ. ಮಿಹಿರ್ ಬದುಕಿ ಬಂದ. ಆಮೇಲೆ ಮುಖವೂ ಬದಲಾಗಿ ರೋನಿತ್ ರಾಯ್ ಮಿಹಿರ್ ಆದರು, ಅದನ್ನೂ ಜನ ಒಪ್ಪಿಕೊಂಡರು. ಅಮೆರಿಕದ ‘ಡಲ್ಲಾಸ್’ ಧಾರಾವಾಹಿಯವರು ಇನ್ನೂ ಧೈರ್ಯಸ್ಥರು. 1985ರಲ್ಲಿ ಬಾಬಿ ಎಂಬ ಪಾತ್ರವನ್ನು ಸಾಯಿಸಿದರು. 1986ರಲ್ಲಿ ಅವನು ಬಚ್ಚಲಮನೆಯಲ್ಲಿ ಸ್ನಾನ ಮಾಡುತ್ತಾ ಕಾಣಿಸಿಕೊಂಡ. ನಡುವೆ ನಡೆದ ಒಂದಿಡೀ ಸೀಸನ್ನಿನ ಕಥೆ ಹೆಂಡತಿಗೆ ಬಿದ್ದ ಕನಸು ಅಂದುಬಿಟ್ಟರು! ವರ್ಷಪೂರ್ತಿ ಕೂತು ನೋಡಿದವರ ಗತಿ ಏನು ಅಂತ ಕೇಳುವವರಿಲ್ಲ.

ನಟ ಬಿಟ್ಟು ಹೋದ ಕಾರಣಕ್ಕೆ ಸಾಯಿಸಿದರೂ ಮರ್ಯಾದೆಯಿಂದ ಸಾಯಿಸಬಹುದು. ಕೊರಿಯಾ ಯುದ್ಧದ ಆಸ್ಪತ್ರೆಯ ಕಥೆ ಹೇಳುವ ಅಮೆರಿಕದ ಧಾರಾವಾಹಿ ‘ಮ್ಯಾಶ್’ನಲ್ಲಿ 1975ರಲ್ಲಿ ಹಾಗೆ ಮಾಡಿದರು. ಹೆನ್ರಿ ಬ್ಲೇಕ್ ಎಂಬ ಅಧಿಕಾರಿಗೆ ಬಿಡುಗಡೆ ಸಿಗುತ್ತದೆ, ಎಲ್ಲರೂ ನಗುತ್ತ ಕಳಿಸಿಕೊಡುತ್ತಾರೆ. ಆಪರೇಷನ್ ನಡೆಯುತ್ತಿರುವಾಗ ಒಬ್ಬ ಹುಡುಗ ಬಂದು ಸುದ್ದಿ ಓದುತ್ತಾನೆ: ಹೆನ್ರಿಯ ವಿಮಾನವನ್ನು ಹೊಡೆದುರುಳಿಸಿದ್ದಾರೆ, ಯಾರೂ ಉಳಿದಿಲ್ಲ. ಆ ಕೊನೆಯ ಪುಟವನ್ನು ಬಹುತೇಕ ನಟರಿಗೂ ಮೊದಲೇ ತೋರಿಸಿರಲಿಲ್ಲ. ಡಾಕ್ಟರುಗಳ ಕೈ ಕೆಲಸ ಮಾಡುತ್ತಲೇ ಇರುತ್ತದೆ, ಕಣ್ಣು ಮಾತ್ರ ತುಂಬಿಕೊಳ್ಳುತ್ತದೆ. ಹೆನ್ರಿ ಮತ್ತೆ ಬರಲಿಲ್ಲ.

ನಮ್ಮ ಕಡೆಯ ಪೌರಾಣಿಕ ನಾಟಕದಲ್ಲೂ ಈ ಮರ್ಯಾದೆ ಇದೆ. ಮಂಡ್ಯದ ಕಲಾಮಂದಿರದಲ್ಲೋ ಊರ ಹಬ್ಬದಲ್ಲೋ ಕುರುಕ್ಷೇತ್ರ ಕಟ್ಟಿದರೆ ಅಭಿಮನ್ಯು ಸಾಯುತ್ತಾನೆ ಅಂತ ಎಳೆ ಮಗುವಿಗೂ ಗೊತ್ತು. ಪಾತ್ರ ಮಾಡುವವನೇ ಕೈಯಿಂದ ದುಡ್ಡು ಕೊಟ್ಟು ಪಾತ್ರ ಹಿಡಿದಿರುತ್ತಾನೆ. ಹಾಗಾಗಿ ಸುಮ್ನೆ ಸಾಯುವ ಮಾತೇ ಇಲ್ಲ. ಹಾಡಿ ಸಾಯಬೇಕು. ನೆಂಟರು ‘ಒನ್ಸ್ ಮೋರ್’ ಅಂದರೆ ಬಿದ್ದವನು ಎದ್ದು, ಮೈ ಕೊಡವಿ, ಹಾರ್ಮೋನಿಯಂ ಮೇಷ್ಟ್ರ ಕಡೆ ನೋಡಿ, ಇನ್ನೊಂದು ಸಲ ಹಾಡಿ, ಇನ್ನೊಂದು ಸಲ ಸಾಯುತ್ತಾನೆ. ಆಮೇಲೆ ಸುಭದ್ರೆ ಬಂದು ಅಳುತ್ತಾಳೆ, ಅರ್ಜುನ ಬಂದು ಅಳುತ್ತಾನೆ, ಅವರವರ ಹಾಡು ಅವರವರಿಗೆ. ಯಾರಿಗೂ ಅವಸರವಿಲ್ಲ, ಬೆಳಗಾಗುವುದಕ್ಕೆ ಇನ್ನೂ ಹೊತ್ತಿದೆ. ಅರ್ಧ ಗಂಟೆಯ ಧಾರಾವಾಹಿಯಲ್ಲಿ ಜಾಹೀರಾತು ಕಳೆದರೆ ಅಳುವುದಕ್ಕೆ ಉಳಿಯುವುದೆಷ್ಟು?

ಹೋದ ವಾರ ದೊಡ್ಡಮ್ಮನ ಇನ್ನೊಬ್ಬ ನಾಯಕ ಕಾರಿನ ಸಮೇತ ಘಾಟಿಯಿಂದ ಕೆಳಗೆ ಬಿದ್ದ. ಸಮಾಧಾನ ಹೇಳೋಣ ಅಂತ ಫೋನ್ ಮಾಡಿದೆ. ಅವರು ಆರಾಮಾಗಿ ಅವರೆಕಾಯಿ ಸುಲಿಯುತ್ತಿದ್ದರು. “ಕಾರು ಸಿಕ್ತು, ಹೆಣ ಸಿಗ್ಲಿಲ್ಲ ಕಣ್ ಮಗ. ಇತ್ಲಾಗೆ ಅವ್ಳಿಗೆ ಇನ್ನೊಂದ್ ಮದ್ವೆ ಗೊತ್ ಮಾಡ್ತಾವ್ರೆ. ತಾಳಿ ಕಟ್ಟೋ ಹೊತ್ಗೆ ಸರ್ಯಾಗಿ ಬತ್ತಾನೆ, ಗಡ್ಡ ಬುಟ್ಕಂಡು.”